ಕುಲುಮೆಯ ಚಾಕು, ತೊಗಲಿನ ಒರೆ: ಹಳೆಯ ಕ್ರಮದಲ್ಲಿ ಮಾಡುವ ಬಗೆ

ಚಾಕು ಮಾಡಲು ಹೊರಡುವವರು ಮೊದಲು ಉಕ್ಕಿನ ಬಗ್ಗೆ ವಿಚಾರಿಸುತ್ತಾರೆ, ಆಮೇಲೆ ಹಿಡಿಯ ಬಗ್ಗೆ ಯೋಚಿಸುತ್ತಾರೆ. ಒರೆಯ ಮಾತು ಬರುವುದು ಚಾಕು ಪೂರ್ತಿ ಸಿದ್ಧವಾದ ನಂತರ. ಆ ಕ್ರಮದಲ್ಲಿ ಹೋದರೆ ಅಲಗು ಎಷ್ಟೇ ಚೆನ್ನಾಗಿ ಬಂದಿದ್ದರೂ ಒರೆಯಲ್ಲಿ ಸಡಿಲವಾಗಿ ಕೂರುತ್ತದೆ, ನಿಲ್ಲಿಸಲು ಗುಂಡಿಯನ್ನೋ ಅಡ್ಡಪಟ್ಟಿಯನ್ನೋ ಹಚ್ಚಬೇಕಾಗುತ್ತದೆ. ಹಳೆಯ ಕ್ರಮದ ಒರೆಗೆ ಇವು ಯಾವುವೂ ಬೇಡ. ಹಿಡಿಯ ಮುಂಭಾಗದ ಉಬ್ಬನ್ನು ತೊಗಲಿನ ಬಾಯಿ ಕಚ್ಚಿ ಹಿಡಿಯುತ್ತದೆ. ತಲೆಕೆಳಗು ಮಾಡಿ ಅಲುಗಿಸಿದರೂ ಚಾಕು ಬೀಳುವುದಿಲ್ಲ, ಹೆಬ್ಬೆರಳಿನಿಂದ ಒರೆಯ ಬಾಯಿಯನ್ನು ಒಮ್ಮೆ ಒತ್ತಿದರೆ ಸಲೀಸಾಗಿ ಹೊರಬರುತ್ತದೆ. ಇದು ಸಾಧ್ಯವಾಗಬೇಕಾದರೆ ಹಿಡಿಯ ಆಕಾರವನ್ನು ನಿರ್ಧರಿಸುವ ಹೊತ್ತಿಗೇ ಒರೆಯ ನಕ್ಷೆಯೂ ಕಾಗದದ ಮೇಲೆ ಇರಬೇಕು. ಆದ್ದರಿಂದ ಚಾಕುವನ್ನೂ ಒರೆಯನ್ನೂ ಒಂದೇ ಕೆಲಸವೆಂದು ಎಣಿಸಿ, ದಾವಣಗೆರೆ ಮತ್ತು ಚಿತ್ರದುರ್ಗದ ಕಡೆ ಸಿಗುವ ಸಾಮಗ್ರಿಯಿಂದಲೇ ಎರಡನ್ನೂ ಮಾಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ನಕ್ಷೆ ಮತ್ತು ಅಳತೆ

ಮೊದಲ ಚಾಕು ಚಿಕ್ಕದಾಗಿರಲಿ. ಅಲಗಿನ ಉದ್ದ 10 ಸೆಂ.ಮೀ., ಅಗಲ 2.4 ಸೆಂ.ಮೀ., ಹಿಡಿಯ ಬುಡದಲ್ಲಿ ಬೆನ್ನಿನ ದಪ್ಪ 3.5 ಮಿ.ಮೀ.; ಅಲ್ಲಿಂದ ಮೊನೆಯ ಕಡೆಗೆ ದಪ್ಪ ಇಳಿಯುತ್ತಾ 2 ಮಿ.ಮೀ.ಗೆ ಬರಲಿ. ಬೆನ್ನು ನೇರವಾಗಿದ್ದು, ಬಾಯಿ, ಅಂದರೆ ಕತ್ತರಿಸುವ ಅಂಚು, ಮೊನೆಯ ಹತ್ತಿರ ಮೇಲಕ್ಕೆ ಬಾಗಿದರೆ ಸಾಕು. ಮೆಕ್ಕೆಜೋಳದ ಚೀಲದ ಹುರಿ ಕತ್ತರಿಸುವುದರಿಂದ ಹಿಡಿದು ಅಡಿಕೆ ತೋಟದ ಚಿಲ್ಲರೆ ಕೆಲಸದವರೆಗೆ, ಹಣ್ಣು ಹೆಚ್ಚುವುದರಿಂದ ಕಟ್ಟಿಗೆ ಸವರುವವರೆಗೆ ಈ ಅಳತೆ ಒಗ್ಗುತ್ತದೆ.

ಅಲಗಿನ ಹಿಂದೆ ಹಿಡಿಯೊಳಗೆ ಹೂತು ಕೂರುವ ಬಾಲವಿರುತ್ತದೆ. ನಮ್ಮ ಕುಡುಗೋಲು, ಮಚ್ಚುಗಳ ಹಿಡಿಯನ್ನು ಕೂರಿಸುವುದೂ ಹೀಗೆಯೇ. ಎರಡು ಕಟ್ಟಿಗೆಯ ಹೋಳುಗಳನ್ನು ಇಕ್ಕೆಲದಲ್ಲಿ ಇಟ್ಟು ಮೊಳೆ ಬಡಿಯುವ ಪದ್ಧತಿ ಸುಲಭವೆಂದು ಕಂಡರೂ ಹೂತ ಬಾಲದ ಹಿಡಿಯೇ ಮೇಲೆಂದು ನನ್ನ ಅಭಿಪ್ರಾಯ. ಚಾಕು ಹಗುರವಾಗುತ್ತದೆ, ಅಂಗೈಗೆ ಎಲ್ಲಿಯೂ ಲೋಹ ತಾಗುವುದಿಲ್ಲ, ಹಿಡಿಯನ್ನು ಸುತ್ತಲೂ ದುಂಡಾಗಿ ಕೆತ್ತಬಹುದು. ಒರೆ ಕಚ್ಚಿ ಹಿಡಿಯಬೇಕಾದರೆ ಈ ದುಂಡುತನ ಬೇಕೇ ಬೇಕು.

ಹಿಡಿಯ ಉದ್ದ 11 ಸೆಂ.ಮೀ. ಇರಲಿ. ಅಲಗು ಸೇರುವ ಜಾಗದಿಂದ 3.5 ಸೆಂ.ಮೀ. ಹಿಂದೆ ಅದು ಅತ್ಯಂತ ದಪ್ಪವಾಗಿರಲಿ, ಅಲ್ಲಿಂದ ಹಿಂದಕ್ಕೆ ಮೂರು ನಾಲ್ಕು ಮಿ.ಮೀ. ಸಣ್ಣಗಾಗಲಿ. ಒರೆಯ ಬಾಯಿ ಆ ಉಬ್ಬನ್ನು ದಾಟಿ 1.5 ಸೆಂ.ಮೀ. ಮೇಲೆ ಮುಗಿಯಬೇಕು. ಈ ಒಂದು ಸಂಬಂಧವನ್ನು ನಕ್ಷೆಯಲ್ಲಿ ಸರಿಯಾಗಿ ಗುರುತಿಸಿಕೊಂಡರೆ ಮುಂದಿನ ಎಲ್ಲ ಅಳತೆಗಳೂ ಅದರ ಹಿಂದೆ ಬರುತ್ತವೆ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ. ಮನೆಬಳಕೆ, ಕೃಷಿ, ಉದ್ಯಮದ ಉಪಕರಣಗಳಿಗೆ ಅದರಲ್ಲಿ ವಿನಾಯಿತಿಯಿದೆ. ನಮ್ಮ ಚಾಕು ಈ ಅಳತೆಯ ಅರ್ಧಕ್ಕೂ ಬರುವುದಿಲ್ಲ. ಆದರೂ ಎರಡೂ ಕಡೆ ಬಾಯಿ ಇರುವ ಬಾಕಿನಂಥ ಆಕಾರಗಳ ಗೋಜಿಗೆ ಹೋಗಬೇಡಿ. ಮಾಡಿದ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆ, ಜಾತ್ರೆ, ಬಸ್ಸುಗಳಲ್ಲಿ ತಿರುಗುವುದೂ ಬೇಡ.

ಉಕ್ಕನ್ನು ಆರಿಸುವುದು

ಪೇಟೆಯಲ್ಲಿ ಸಿಗುವ ಸಾದಾ ಕಬ್ಬಿಣದ ಪಟ್ಟಿ ಚಾಕುವಿಗೆ ಆಗುವುದಿಲ್ಲ. ಅದರಲ್ಲಿ ಇಂಗಾಲದ ಅಂಶ ಬಹಳ ಕಡಿಮೆ. ಎಷ್ಟು ಕಾಯಿಸಿ ಅದ್ದಿದರೂ ಗಡುಸಾಗುವುದಿಲ್ಲ. ಚಾಕುವಿಗೆ ಶೇ. 0.5ಕ್ಕಿಂತ ಹೆಚ್ಚು ಇಂಗಾಲ ಇರುವ ಉಕ್ಕು ಬೇಕು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಮೂಸೆಯ (ಲೋಹವನ್ನು ಇಟ್ಟು ಕಾಯಿಸುವ ಮಣ್ಣಿನ ಪಾತ್ರೆಯ) ಉಕ್ಕನ್ನು ತಯಾರಿಸುತ್ತಿದ್ದ ಹಳೆಯ ನೆಲೆಯೊಂದಿದೆ; ಅಲ್ಲಿ ಸಿಕ್ಕಿರುವ ಮಣ್ಣಿನ ಮೂಸೆಗಳ ಚೂರುಗಳನ್ನು ಲೋಹಶಾಸ್ತ್ರಜ್ಞರು ಅಧ್ಯಯನ ಮಾಡಿದ್ದಾರೆ. ಮೆದು ಕಬ್ಬಿಣದ ತುಂಡನ್ನು ಸಸ್ಯದ ಚೂರುಗಳೊಂದಿಗೆ ಮೂಸೆಯಲ್ಲಿ ಮುಚ್ಚಿ, ದೀರ್ಘಕಾಲ ಕಾಯಿಸಿ, ಸಸ್ಯದ ಇಂಗಾಲವನ್ನು ಕಬ್ಬಿಣಕ್ಕೆ ಇಳಿಸುವುದು ಆ ವಿದ್ಯೆಯ ತಿರುಳು. ಇಂದು ಅಷ್ಟು ಶ್ರಮಪಡಬೇಕಾಗಿಲ್ಲ, ಇಂಗಾಲ ಬೆರೆತ ಉಕ್ಕು ಹೆದ್ದಾರಿಯ ಬದಿಯಲ್ಲೇ ಸಿಗುತ್ತದೆ.

ರಾಷ್ಟ್ರೀಯ ಹೆದ್ದಾರಿ 48 ಚಿತ್ರದುರ್ಗ, ದಾವಣಗೆರೆ, ಹರಿಹರಗಳನ್ನು ಪೋಣಿಸಿಕೊಂಡು ಹೋಗುವುದರಿಂದ ಲಾರಿ ಗ್ಯಾರೇಜುಗಳಿಗೂ ಗುಜರಿ ಅಂಗಡಿಗಳಿಗೂ ಇಲ್ಲಿ ಬರವಿಲ್ಲ. ವಾಹನಗಳ ಕಮಾನು ಪಟ್ಟಿಯನ್ನು, ಅಂದರೆ ಲೀಫ್ ಸ್ಪ್ರಿಂಗನ್ನು, ಕೇಳಿ ಪಡೆಯಿರಿ. ಲಾರಿಯ ಪಟ್ಟಿ ದಪ್ಪವಾಗಿರುವುದರಿಂದ ಕೈಯಿಂದ ಬಡಿದು ತೆಳ್ಳಗೆ ಮಾಡುವಷ್ಟರಲ್ಲಿ ಹೊಸಬರ ತೋಳು ಸೋಲುತ್ತದೆ. ಜೀಪು, ಟೆಂಪೊಗಳ 6–7 ಮಿ.ಮೀ. ದಪ್ಪದ ಪಟ್ಟಿ ಸೂಕ್ತ. ಈ ಪಟ್ಟಿಗಳು ಹೆಚ್ಚಾಗಿ ಇಎನ್ 45 ಅಥವಾ ಅದರ ಹತ್ತಿರದ ಉಕ್ಕಿನವು. ಇಂಗಾಲ ಸುಮಾರು ಶೇ. 0.5ರಿಂದ 0.6ರಷ್ಟಿದ್ದು, ಎಣ್ಣೆಯಲ್ಲಿ ಅದ್ದಿದರೆ ಸೀಳದೆ ಗಡುಸಾಗುವ ಗುಣ ಅವಕ್ಕಿದೆ. ವರ್ಷಗಟ್ಟಲೆ ಭಾರ ಹೊತ್ತ ಹಳೆಯ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದಾದ್ದರಿಂದ, ಕಮಾನು ಕಟ್ಟುವ ಅಂಗಡಿಯಲ್ಲಿ ಹೊಸ ಪಟ್ಟಿಯಿಂದ ಕತ್ತರಿಸಿ ಬಿಸಾಡಿದ ತುದಿ ಸಿಕ್ಕರೆ ಅದೇ ಒಳ್ಳೆಯದು. ಸತುವಿನ ಲೇಪವಿರುವ ಯಾವ ತುಂಡನ್ನೂ ಕುಲುಮೆಗೆ ಹಾಕಬೇಡಿ, ಅದರ ಹೊಗೆ ಅಪಾಯಕಾರಿ.

ಉಕ್ಕು ಸರಿಯಾದದ್ದೇ ಎಂದು ತಿಳಿಯಲು ಒಂದು ಪರೀಕ್ಷೆ ಸಾಕು. ಎರಡು ಬೆರಳಗಲದ ಚೂರೊಂದನ್ನು ಕತ್ತರಿಸಿ, ಅಯಸ್ಕಾಂತ ಹಿಡಿಯದಷ್ಟು ಕಾಯಿಸಿ, ಎಣ್ಣೆಗೆ ಅದ್ದಿ. ಆರಿದ ಮೇಲೆ ಹೊಸ ಅರದಿಂದ ಉಜ್ಜಿದರೆ ಅರ ಕಚ್ಚದೆ ಗಾಜಿನ ಮೇಲೆ ಓಡಿದ ಹಾಗೆ ಜಾರಬೇಕು. ನಂತರ ಅದನ್ನು ವೈಸಿಗೆ ಸಿಕ್ಕಿಸಿ, ಮೇಲೆ ದಪ್ಪ ಬಟ್ಟೆ ಮುಚ್ಚಿ, ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಹೊಡೆದು ಮುರಿಯಿರಿ. ಮುರಿದ ಮುಖ ನಯವಾದ ಬೂದುಬಣ್ಣದಲ್ಲಿದ್ದರೆ ಉಕ್ಕೂ ಸರಿಯಾಗಿದೆ, ಕಾಯಿಸಿದ್ದೂ ಸರಿಯಾಗಿದೆ. ದಪ್ಪ ಹರಳುಗಳು ಮಿನುಗಿದರೆ ಹೆಚ್ಚು ಕಾಯಿಸಿದ್ದೀರಿ. ಮುರಿಯದೆ ಬಾಗಿದರೆ ಆ ತುಂಡನ್ನು ಬೇರೆ ಕೆಲಸಕ್ಕೆ ಎತ್ತಿಡಿ.

ಕುಲುಮೆ ಮತ್ತು ಬಡಿಯುವ ಕೆಲಸ

ಇಷ್ಟು ಚಿಕ್ಕ ಅಲಗಿಗೆ ದೊಡ್ಡ ಕುಲುಮೆ ಬೇಕಿಲ್ಲ. ನೆಲದಲ್ಲಿ ಒಂದು ಗೇಣು ಆಳದ ಗುಂಡಿ ತೋಡಿ, ಜೇಡಿಮಣ್ಣು ಮೆತ್ತಿ, ಪಕ್ಕದಿಂದ ಕಬ್ಬಿಣದ ಕೊಳವೆಯಲ್ಲಿ ಗಾಳಿ ಬರುವಂತೆ ಮಾಡಿಕೊಂಡರೆ ಸಾಕು. ತಿದಿಯ ಜಾಗದಲ್ಲಿ ಈಗ ಕೈಯಿಂದ ತಿರುಗಿಸುವ ಬ್ಲೋವರ್ ಬಳಸುತ್ತಾರೆ. ವಿದ್ಯುತ್ ಬ್ಲೋವರ್‌ಗಿಂತ ಅದೇ ವಾಸಿ, ಏಕೆಂದರೆ ಗಾಳಿ ನಿಮ್ಮ ಕೈಯಳತೆಯಲ್ಲಿ ಇರುತ್ತದೆ. ಇದ್ದಿಲಿಗೆ ಹಿರಿಯೂರು, ಚಳ್ಳಕೆರೆಯ ಕಡೆ ಬೇಕಾದಷ್ಟು ಬೆಳೆದಿರುವ ಬಳ್ಳಾರಿ ಜಾಲಿಯ ಕಟ್ಟಿಗೆ ಬಹಳ ಒಳ್ಳೆಯದು. ಕಲ್ಲಿದ್ದಲಲ್ಲಿ ಗಂಧಕ ಇರುತ್ತದೆ. ಮರದ ಇದ್ದಿಲಿನಲ್ಲಿ ಆ ಕಾಟವಿಲ್ಲ. ಕಬ್ಬಿಣವನ್ನು ಇಟ್ಟು ಬಡಿಯುವ ಅಡಿಗಲ್ಲು ಇಲ್ಲದವರು ರೈಲು ಹಳಿಯ ತುಂಡನ್ನು ಮರದ ದಿಮ್ಮಿಯ ಮೇಲೆ ಬಿಗಿದುಕೊಳ್ಳಬಹುದು, ಆದರೆ ಅದನ್ನು ಗುಜರಿಯಿಂದ ರಸೀದಿ ಸಮೇತ ಕೊಂಡಿರಬೇಕು. ಒಂದು ಕಿಲೋ ತೂಕದ ಸುತ್ತಿಗೆ, ಉದ್ದ ಹಿಡಿಕೆಯ ಇಕ್ಕಳ, ಅಯಸ್ಕಾಂತ, ಒಂದು ಬಕೆಟ್ ಮರಳು, ಕಣ್ಣಿಗೆ ಕನ್ನಡಕ. ಇಷ್ಟಿದ್ದರೆ ಕೆಲಸ ಶುರು ಮಾಡಬಹುದು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ತೊಟ್ಟು ಬೆಂಕಿಯ ಮುಂದೆ ಕೂರಬೇಡಿ.

ಬಡಿಯುವ ಕೆಲಸ ತಮ್ಮಿಂದ ಆಗದು ಎನ್ನುವವರು ಊರಿನ ಕಮ್ಮಾರರ ಬಳಿ ಹೋಗಬಹುದು. ಮುಂಗಾರಿಗೆ ಮೊದಲು ಅವರಿಗೆ ನೇಗಿಲಿನ ಕುಡ ಹಣಿಯುವ ಕೆಲಸವೇ ಕೈತುಂಬ ಇರುತ್ತದೆ. ಬಿತ್ತನೆ ಮುಗಿದ ಮೇಲೆ, ನಕ್ಷೆಯನ್ನು ರಟ್ಟಿನಲ್ಲಿ ಕತ್ತರಿಸಿಕೊಂಡು ಹೋಗಿ ಕೇಳಿದರೆ ಸಮಾಧಾನದಿಂದ ಮಾಡಿಕೊಡುತ್ತಾರೆ. ಪಕ್ಕದಲ್ಲಿ ನಿಂತು ನೋಡುವುದೇ ಒಂದು ಪಾಠ. ಹದ ಕೊಡುವ, ಅಂದರೆ ಕಾಯಿಸಿ ಎಣ್ಣೆಗೆ ಅದ್ದಿ ಗಡುಸು ಮಾಡುವ, ಕೆಲಸವನ್ನು ಮಾತ್ರ ನೀವೇ ಮಾಡುವುದಾಗಿ ಮೊದಲೇ ತಿಳಿಸಿ. ಕುಡುಗೋಲಿಗೆ ಕೊಡುವ ಹದ ಬೇರೆ, ಈ ಚಾಕುವಿಗೆ ಬೇಕಾದ ಹದ ಬೇರೆ.

ಪಟ್ಟಿಯಿಂದ ಸುಮಾರು 15 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ತುಂಡನ್ನು ಕತ್ತರಿಸಿಕೊಳ್ಳಿ. ಬಡಿದಂತೆ ಅದು ಉದ್ದವಾಗುತ್ತದೆ. ಉಕ್ಕು ಕಿತ್ತಳೆ ಬಣ್ಣ ದಾಟಿ ಹಳದಿಗೆ ತಿರುಗುವ ಹೊತ್ತಿಗೆ ಹೊರತೆಗೆದು ಬಡಿಯಬೇಕು. ಮಂಕು ಕೆಂಪಿಗೆ ಇಳಿದ ಕೂಡಲೇ ನಿಲ್ಲಿಸಿ ಮತ್ತೆ ಬೆಂಕಿಗೆ ಹಾಕಬೇಕು. ತಣ್ಣಗಾದ ಉಕ್ಕನ್ನು ಬಡಿದರೆ ಒಳಗೆ ಬಿರುಕು ಬಿಡುತ್ತದೆ, ಬೆಳ್ಳಗಾಗಿ ಕಿಡಿ ಸಿಡಿಯುವಷ್ಟು ಕಾಯಿಸಿದರೆ ಉರಿದೇ ಹೋಗುತ್ತದೆ. ಮೊದಲು ಮೊನೆ, ನಂತರ ಬಾಲ, ಕೊನೆಗೆ ಬಾಯಿಯ ಇಳಿಜಾರು ಎಂಬ ಕ್ರಮ ಇಟ್ಟುಕೊಳ್ಳಿ. ಬಾಯಿಯ ಕಡೆ ಬಡಿದು ತೆಳುವಾಗಿಸಿದಂತೆ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ; ಇದನ್ನು ಮೊದಲೇ ಲೆಕ್ಕಕ್ಕಿಟ್ಟು ಮೊನೆಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿಕೊಂಡಿದ್ದರೆ ಇಳಿಜಾರು ಬಡಿದು ಮುಗಿಯುವ ಹೊತ್ತಿಗೆ ಅದು ತಾನೇ ನೇರವಾಗುತ್ತದೆ. ಬಾಲವು ಅಲಗಿಗೆ ಸೇರುವ ಮೂಲೆಯಲ್ಲಿ ಚೂಪಾದ ಕೋನ ಉಳಿಯಬಾರದು. ಚಾಕು ಮುರಿಯುವುದಾದರೆ ಅಲ್ಲಿಯೇ ಮುರಿಯುತ್ತದೆ. ದುಂಡು ಅರದಿಂದ ಆ ಮೂಲೆಯನ್ನು ದುಂಡಗೆ ಮಾಡಿ.

ಆಕಾರ ಬಂದ ಮೇಲೆ ಅಲಗನ್ನು ಅಯಸ್ಕಾಂತ ಹಿಡಿಯದಷ್ಟು ಕಾಯಿಸಿ, ಗಾಳಿಯಲ್ಲಿ ಹಿಡಿದು ಕಪ್ಪಾಗುವವರೆಗೆ ಆರಲು ಬಿಡಿ. ಪ್ರತಿ ಸಲವೂ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಕಾಯಿಸುತ್ತಾ ಮೂರು ಸಲ ಹೀಗೆ ಮಾಡಬೇಕು. ಬಡಿತದಿಂದ ಉಕ್ಕಿನೊಳಗೆ ಸೇರಿಕೊಂಡ ಸೆಡೆತ ಇದರಿಂದ ಇಳಿಯುತ್ತದೆ, ಹರಳುಗಳು ಸಣ್ಣಗಾಗುತ್ತವೆ. ಕೊನೆಗೆ ಇನ್ನೊಮ್ಮೆ ಕೆಂಪಗೆ ಕಾಯಿಸಿ, ಬಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆಗೆ ಅರ ಚೆನ್ನಾಗಿ ಕಚ್ಚುವಷ್ಟು ಮೆದುವಾಗಿರುತ್ತದೆ. ಅರ ಹಾಕುವಾಗ ಬಾಯಿಯನ್ನು 1 ಮಿ.ಮೀ. ದಪ್ಪಕ್ಕೆ ನಿಲ್ಲಿಸಿ. ಈಗಲೇ ಚೂಪು ಮಾಡಿದರೆ ಎಣ್ಣೆಗೆ ಅದ್ದಿದಾಗ ಬಾಯಿ ಸೊಟ್ಟಗಾಗುತ್ತದೆ ಇಲ್ಲವೇ ಸೀಳುತ್ತದೆ.

ಹದ

ಇಡೀ ಕೆಲಸದಲ್ಲಿ ಅವಸರಕ್ಕೆ ಜಾಗವೇ ಇಲ್ಲದ ಹಂತ ಇದು. ಬಡಿತದಲ್ಲಿ ಆದ ಕೊರತೆಯನ್ನು ಅರದಿಂದ ತಿದ್ದಬಹುದು. ಹದ ತಪ್ಪಿದ ಚಾಕು ನೋಡಲು ಎಷ್ಟೇ ಅಂದವಾಗಿದ್ದರೂ ಬಾಯಿ ನಿಲ್ಲುವುದಿಲ್ಲ.

ಅದ್ದಲು ಎಣ್ಣೆ ಬೇಕು. ಈ ಉಕ್ಕನ್ನು ನೀರಿಗೆ ಅದ್ದಿದರೆ ಸೀಳುವ ಸಂಭವವೇ ಹೆಚ್ಚು. ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಅಲ್ಲಿನ ಶೇಂಗಾ ಎಣ್ಣೆ ಈ ಕೆಲಸಕ್ಕೆ ಸೊಗಸಾಗಿ ಒದಗುತ್ತದೆ, ಬೇಗ ಹೊತ್ತಿಕೊಳ್ಳುವುದೂ ಇಲ್ಲ. ಗ್ಯಾರೇಜಿನ ಹಳೆಯ ಇಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆಂದು ತರಬೇಡಿ, ಅದರ ಹೊಗೆಯಲ್ಲಿ ವಿಷಕಾರಿ ಅಂಶಗಳಿರುತ್ತವೆ. ಮೂರು ನಾಲ್ಕು ಲೀಟರ್ ಹಿಡಿಯುವ, ಮುಚ್ಚಳವಿರುವ, ಆಳವಾದ ಕಬ್ಬಿಣದ ಡಬ್ಬಿಯಲ್ಲಿ ಎಣ್ಣೆ ತುಂಬಿ, ಅದಕ್ಕೆ ಕಾದ ಕಬ್ಬಿಣದ ತುಂಡೊಂದನ್ನು ಮೊದಲು ಅದ್ದಿ 50–60 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿಕೊಳ್ಳಿ. ಬೆಚ್ಚಗಿನ ಎಣ್ಣೆ ತೆಳ್ಳಗೆ ಹರಿಯುವುದರಿಂದ ಉಕ್ಕಿನ ಬಿಸಿಯನ್ನು ಬೇಗ ಹೀರುತ್ತದೆ. ಎಣ್ಣೆಗೆ ಬೆಂಕಿ ತಗುಲಿದರೆ ಮುಚ್ಚಳ ಮುಚ್ಚಬೇಕು, ನೀರನ್ನು ಮಾತ್ರ ಎಂದಿಗೂ ಸುರಿಯಬಾರದು.

ಈ ಕೆಲಸವನ್ನು ಸಂಜೆ ಕತ್ತಲಾಗುವ ಹೊತ್ತಿಗೆ, ನೆರಳಿನಲ್ಲಿ ಮಾಡಿ. ನಮ್ಮ ಕಡೆಯ ನಡುಹಗಲಿನ ಬಿಸಿಲಿನಲ್ಲಿ ಉಕ್ಕಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಮಂಕಾಗಿ ಕಂಡದ್ದು ನಿಜವಾಗಿ ವಿಪರೀತ ಕಾದಿರುತ್ತದೆ. ಬೆನ್ನನ್ನು ಕೆಳಗೆ ಮಾಡಿ ಅಲಗನ್ನು ಕೆಂಡದಲ್ಲಿಟ್ಟು, ಗಾಳಿಯನ್ನು ಮೆಲ್ಲಗೆ ಬಿಡುತ್ತಾ, ಮುಂದಕ್ಕೂ ಹಿಂದಕ್ಕೂ ಸರಿಸುತ್ತಾ ಕಾಯಿಸಿ. ಮೊನೆ ತೆಳ್ಳಗಿರುವುದರಿಂದ ಮೊದಲು ಕಾಯುತ್ತದೆ. ಅದನ್ನು ಆಗಾಗ ಬೆಂಕಿಯಿಂದ ಹೊರಗೆ ತಳ್ಳುತ್ತಿರಬೇಕು. ಗಮನವಿಟ್ಟು ನೋಡಿದರೆ ಕೆಂಪಾದ ಅಲಗಿನ ಮೇಲೆ ಮಸುಕು ನೆರಳೊಂದು ಅಂಚಿನಿಂದ ನಡುವಿಗೆ ಸರಿಯುತ್ತಾ ಹೋಗಿ ಮಾಯವಾಗುವುದು ಕಾಣುತ್ತದೆ. ಉಕ್ಕಿನ ಒಳರಚನೆ ಬದಲಾಗುತ್ತಿರುವ ಗುರುತು ಅದು. ಆ ಬದಲಾವಣೆಗೆ ಉಕ್ಕು ಶಾಖವನ್ನು ಹೀರಿಕೊಳ್ಳುವುದರಿಂದ ಆ ಜಾಗ ಕ್ಷಣಕಾಲ ಮಂಕಾಗುತ್ತದೆ. ಅಯಸ್ಕಾಂತ ಬಿಟ್ಟುಕೊಡುವುದು ಸುಮಾರು 770 ಡಿಗ್ರಿಗೆ. ಕಮಾನು ಪಟ್ಟಿಯ ಉಕ್ಕಿಗೆ ಬೇಕಾದದ್ದು 840–860 ಡಿಗ್ರಿ. ಆದ್ದರಿಂದ ಅಯಸ್ಕಾಂತ ಹಿಡಿಯದಂತಾದ ಮೇಲೆಯೂ ಬಣ್ಣ ಇನ್ನೊಂದು ಛಾಯೆ ತಿಳಿಯಾಗುವವರೆಗೆ ಕಾಯಿಸಿ, ನೆರಳೆಲ್ಲ ಹೋಗಿ ಅಲಗು ಉದ್ದಕ್ಕೂ ಒಂದೇ ಬಣ್ಣಕ್ಕೆ ಬಂದಾಗ ಹೊರತೆಗೆಯಬೇಕು.

ತೆಗೆದ ಕೂಡಲೇ ಮೊನೆ ಮುಂದಾಗಿ, ನೇರವಾಗಿ ಎಣ್ಣೆಗೆ ಇಳಿಸಿ. ಮೇಲೆ ಕೆಳಗೆ ಆಡಿಸಬಹುದು. ಪಕ್ಕಕ್ಕೆ ಆಡಿಸಿದರೆ ಒಂದು ಬದಿ ಬೇಗ ಆರಿ ಅಲಗು ತಿರುಚುತ್ತದೆ. ಹತ್ತು ಹನ್ನೆರಡು ಸೆಕೆಂಡಿನ ನಂತರ ತೆಗೆದು ಬೆನ್ನಿನ ಗೆರೆಯನ್ನು ನೋಡಿ. ಸ್ವಲ್ಪ ಬಾಗಿದ್ದರೆ ಇನ್ನೂ ಬಿಸಿಯಿರುವಾಗಲೇ ದಪ್ಪ ತೊಗಲಿನ ಕೈಗವಸು ತೊಟ್ಟು, ಎರಡು ಹಲಗೆಗಳ ನಡುವೆ ಒತ್ತಿ ನೇರ ಮಾಡಬಹುದು. ಪೂರ್ತಿ ತಣ್ಣಗಾದ ಮೇಲೆ ಈ ಪ್ರಯತ್ನ ಮಾಡಿದರೆ ಮುರಿಯುತ್ತದೆ, ಏಕೆಂದರೆ ಈಗ ಅಲಗು ಗಾಜಿನಷ್ಟೇ ಪೆಡಸು.

ಆ ಪೆಡಸುತನವನ್ನು ಇಳಿಸುವುದು ಮುಂದಿನ ಹಂತ, ಅದನ್ನು ಅಂದೇ ಮಾಡಬೇಕು. ಅಲಗನ್ನು ಉಜ್ಜಿ ಹೊಳಪು ಬರಿಸಿ, ಕೇಕು ಬೇಯಿಸುವ ಒಲೆಯಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಡಿ. ಹೊರತೆಗೆದು ಆರಿಸಿ, ಮತ್ತೆ ಎರಡು ಗಂಟೆ ಇಡಿ. ಒಲೆಯ ಗುಬುಟಿನ ಅಂಕಿಯನ್ನು ನಂಬದೆ ಒಳಗೊಂದು ಉಷ್ಣಮಾಪಕ ಇಟ್ಟುಕೊಳ್ಳುವುದು ಕ್ಷೇಮ. ಹೊಳಪಿನ ಮೇಲೆ ತಿಳಿಹುಲ್ಲಿನ ಹಳದಿ ಬಣ್ಣ ಕೂತರೆ ಹದ ಸರಿಬಂದಿದೆ. ಕಂದು, ಅದರಾಚೆ ನೇರಳೆ, ನೀಲಿಗೆ ಹೋದರೆ ಬಾಯಿಗೆ ಬೇಕಾದ ಗಡಸುತನ ಇಳಿದುಹೋಗಿದೆ ಎಂದೇ ತಿಳಿದು ಮತ್ತೆ ಕಾಯಿಸಿ ಅದ್ದಬೇಕಾಗುತ್ತದೆ. ಮುಂದೆ ಸಾಣೆ ಹಿಡಿಯುವಾಗಲೂ ಇದೇ ಎಚ್ಚರ ಇರಲಿ: ಬರಿಗೈಯಲ್ಲಿ ಅಲಗು ಹಿಡಿಯಿರಿ, ಬೆರಳಿಗೆ ಬಿಸಿ ಎನಿಸಿದ ಕ್ಷಣ ನೀರಿಗೆ ಅದ್ದಿ.

ಹಿಡಿ

ಬೀಟೆ, ಶ್ರೀಗಂಧಗಳ ಆಸೆ ಬೇಡ. ಅವಕ್ಕೆ ಅರಣ್ಯ ಇಲಾಖೆಯ ನಿಯಮಗಳಿವೆ, ಅವು ಬೇಕಾಗಿಯೂ ಇಲ್ಲ. ನೇಗಿಲು, ಗಾಡಿಗಳಿಗೆ ನಮ್ಮ ರೈತರು ಬಳಸುತ್ತಾ ಬಂದ ಕರಿಜಾಲಿಯ ಚೇಗು (ಮರದ ನಡುವಿನ ಗಟ್ಟಿ ಭಾಗ) ಚಾಕುವಿನ ಹಿಡಿಗೆ ಹೇಳಿ ಮಾಡಿಸಿದ್ದು. ಹುಣಸೆಯ ಚೇಗೂ ಒಳ್ಳೆಯದು. ಕಟ್ಟಿಗೆ ಪೂರ್ತಿ ಒಣಗಿರಬೇಕು. ಹಸಿ ಕಟ್ಟಿಗೆಯ ಹಿಡಿ ಬೇಸಿಗೆಗೆ ಸೀಳುತ್ತದೆ.

ಹಿಡಿಯ ಮುಂದೆ 3 ಮಿ.ಮೀ. ದಪ್ಪದ ಹಿತ್ತಾಳೆಯ ಬಿಲ್ಲೆಯೊಂದನ್ನು ಕೂರಿಸಬೇಕು. ಅದರ ನಡುವೆ ಸಾಲಾಗಿ ಮೂರು ತೂತು ಕೊರೆದು, ಸಣ್ಣ ಅರದಿಂದ ಒಂದುಗೂಡಿಸಿ, ಬಾಲ ಬಿಗಿಯಾಗಿ ತೂರುವಂತೆ ಮಾಡಿ. ಬೆಳಕಿಗೆ ಹಿಡಿದಾಗ ಸಂದು ಕಾಣದಂತೆ ಕೂರಿಸುವುದಕ್ಕೆ ಅರ್ಧ ದಿನ ಹಿಡಿದರೂ ಹಿಡಿಯಲಿ. ಬಿಲ್ಲೆಯ ಅಂಚು ಕಟ್ಟಿಗೆಯ ಮಟ್ಟಕ್ಕೇ ಇರಬೇಕು. ಉಬ್ಬಿ ನಿಂತರೆ ಒರೆಯ ಒಳಮೈಯನ್ನು ಕೆರೆಯುತ್ತದೆ.

ಕಟ್ಟಿಗೆಯಲ್ಲಿ ತೂತು ಕೊರೆದ ಮೇಲೆ ಅದನ್ನು ಬಾಲದ ಆಕಾರಕ್ಕೆ ತರಲು ಹಳಬರು ಬಾಲವನ್ನೇ ಕಾಯಿಸಿ ಸುಡುತ್ತಾ ಇಳಿಸುತ್ತಿದ್ದರು. ಹದ ಕೊಟ್ಟ ಅಲಗಿಗೆ ಆ ಬಿಸಿ ಏರಿದರೆ ಮಾಡಿದ್ದೆಲ್ಲ ವ್ಯರ್ಥವಾಗುವುದರಿಂದ, ಅದೇ ಅಳತೆಗೆ ಬಡಿದ ಬೇರೊಂದು ಸಾದಾ ಕಬ್ಬಿಣದ ಕಡ್ಡಿಯನ್ನು ಕಾಯಿಸಿ ಸುಡುವುದು ಜಾಣತನ. ಅಂಟಿಗೆ ಎರಡು ದಾರಿಗಳಿವೆ. ಅರಗನ್ನು ಕರಗಿಸಿ, ಅದಕ್ಕೆ ಜರಡಿ ಹಿಡಿದ ಇಟ್ಟಿಗೆ ಪುಡಿ ಬೆರೆಸಿ ತುಂಬುವುದು ಹಳೆಯ ಪದ್ಧತಿ. ನಮ್ಮ ದೇಶದ ಕತ್ತಿಗಳ ಹಿಡಿಗಳನ್ನು ಹೀಗೆಯೇ ಕೂರಿಸುತ್ತಿದ್ದರು, ಬೇಕಾದಾಗ ಬಿಸಿ ಮಾಡಿ ಬಿಚ್ಚಲೂ ಬರುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಅರಗು ಮೆದುವಾಗುತ್ತದೆ ಎಂಬುದೊಂದೇ ತೊಡಕು. ಅದು ಬೇಡವೆಂದರೆ ಎರಡು ಟ್ಯೂಬುಗಳ ಅರಾಲ್ಡೈಟ್ ಕಲಸಿ ತುಂಬಿ ಒಂದು ದಿನ ಅಲುಗಿಸದೆ ಇಡಿ. ಹಿಡಿಯನ್ನು ನಕ್ಷೆಯ ಉಬ್ಬಿಗೆ ತಕ್ಕಂತೆ ಕೆತ್ತಿ, ಉಪ್ಪುಕಾಗದದಿಂದ ನಯ ಮಾಡಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಮೂರು ನಾಲ್ಕು ಸಲ ಹಚ್ಚಿ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು, ಹರಡಿ ಒಣಗಿಸಿ.

ತೊಗಲು

ಒರೆಗೆ ಗಿಡದ ತೊಗಟೆಯಿಂದ ಹದ ಮಾಡಿದ ತೊಗಲೇ ಆಗಬೇಕು. ಚೀಲ, ಜಾಕೆಟ್ಟುಗಳಿಗೆ ಬಳಸುವ ಕ್ರೋಮ್ ಹದದ ಚರ್ಮ ನೆನೆಸಿದರೂ ಅಚ್ಚಿನ ಆಕಾರ ಹಿಡಿಯುವುದಿಲ್ಲ, ಅದರಲ್ಲಿನ ಲವಣಗಳು ಉಕ್ಕಿಗೆ ತುಕ್ಕು ತರಬಹುದು. ಗುರುತಿಸುವುದು ಸುಲಭ: ಅಂಚನ್ನು ಕತ್ತರಿಸಿ ನೋಡಿ, ಒಳಗೆ ನೀಲಿ ಬೂದುಬಣ್ಣ ಕಂಡರೆ ಕ್ರೋಮ್, ಉದ್ದಕ್ಕೂ ಕಂದುಬಣ್ಣವಿದ್ದರೆ ತೊಗಟೆಯ ಹದ. ಎಮ್ಮೆಯ ತೊಗಲು, 2.5ರಿಂದ 3 ಮಿ.ಮೀ. ದಪ್ಪದ್ದು, ಸರಿಹೊಂದುತ್ತದೆ. ಚಪ್ಪಲಿ ಹೊಲಿಯುವವರ ಬಳಿ ಕೇಳಿದರೆ ಎರಡು ಗೇಣಿನ ತುಂಡು ಸಿಗುತ್ತದೆ.

ಚಿತ್ರದುರ್ಗದ ಗುಡ್ಡಗಳ ಬುಡದಲ್ಲಿ, ಹೊಲದ ಬದುಗಳಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿಯ ತೊಗಟೆ ದಕ್ಷಿಣ ಭಾರತದ ಚರ್ಮ ಹದಗಾರಿಕೆಯಲ್ಲಿ ಬಹುಕಾಲ ಮುಖ್ಯ ವಸ್ತುವಾಗಿತ್ತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಉಕ್ಕು ಮಾಡುವವರು ಮೂಸೆಯೊಳಗೆ ಕಬ್ಬಿಣದ ಜೊತೆ ಇಡುತ್ತಿದ್ದದ್ದೂ ಇದೇ ತಂಗಡಿಯ ಕಡ್ಡಿಯನ್ನು ಎಂದು ಬರೆದಿದ್ದಾನೆ. ಅಲಗಿಗೆ ಇಂಗಾಲವನ್ನೂ ಒರೆಯ ತೊಗಲಿಗೆ ಒಗರನ್ನೂ ಒಂದೇ ಗಿಡ ಕೊಡುತ್ತಿತ್ತು ಎನ್ನುವುದು ಈ ಸೀಮೆಯವನಾದ ನನಗೆ ಬಹಳ ಹೆಮ್ಮೆಯ ಸಂಗತಿ. ತೊಗಟೆಯ ಹದದ ತೊಗಲನ್ನೇ ಹುಡುಕಿ ಎಂದು ಒತ್ತಿ ಹೇಳುವುದಕ್ಕೆ ಅದೂ ಒಂದು ಕಾರಣ.

ಒರೆ

ಚಾಕುವಿನ ಬಾಯಿಗೆ ಕಾಗದದ ಟೇಪು ಸುತ್ತಿ, ಬೆನ್ನಿನ ಗೆರೆಗೆ ಸರಿಯಾಗಿ ಮಡಿಸಿದ ರಟ್ಟುಕಾಗದದೊಳಗೆ ಇಟ್ಟು ಸುತ್ತಲೂ ಗೆರೆ ಎಳೆಯಿರಿ. ಬಾಯಿಯ ಕಡೆ 1.2 ಸೆಂ.ಮೀ. ಹೆಚ್ಚು ಬಿಡಿ, ಹೊಲಿಗೆ ಬರುವುದು ಆ ಕಡೆ. ಮೊದಲು ಕಾಗದದ ಒರೆಯನ್ನೇ ಪಿನ್ನು ಹಾಕಿ ಮಾಡಿ ನೋಡಿ, ಹಿಡಿಯ ಉಬ್ಬಿನ ಬಳಿ ಬಿಗಿಯಾಗಿ ಕೂರುವುದೇ ಎಂದು ಪರೀಕ್ಷಿಸಿ, ಆಮೇಲೆ ತೊಗಲಿಗೆ ಕೈ ಹಚ್ಚಿ. ತೊಗಲು ಕತ್ತರಿಸುವ ರಂಪಿಗೆಯಿಂದ ಒಂದೇ ಎಳೆತದಲ್ಲಿ ಕತ್ತರಿಸಿದರೆ ಅಂಚು ನಯವಾಗಿ ಬರುತ್ತದೆ. ಬೆಲ್ಟಿಗೆ ತೂರಿಸುವ ಪಟ್ಟಿಯನ್ನು ಮಡಿಸುವ ಮೊದಲೇ ಹಿಂಬದಿಗೆ ಹೊಲಿದುಬಿಡಿ, ಆಮೇಲೆ ಒಳಗೆ ಸೂಜಿ ಹೋಗುವುದಿಲ್ಲ.

ಎರಡು ಮಡಿಕೆಗಳ ನಡುವೆ, ಅಲಗಿನ ಬಾಯಿಯ ಉದ್ದಕ್ಕೂ, 7 ಮಿ.ಮೀ. ಅಗಲದ ತೊಗಲಿನ ಪಟ್ಟಿಯೊಂದನ್ನು ಸೇರಿಸಬೇಕು. ಇದನ್ನು ಬಿಟ್ಟರೆ ಚಾಕು ಒಳಹೋಗುವಾಗಲೆಲ್ಲ ನೇರವಾಗಿ ದಾರಕ್ಕೆ ತಾಗಿ, ಕೆಲವೇ ದಿನಗಳಲ್ಲಿ ಹೊಲಿಗೆಯನ್ನು ಕೊಯ್ದುಬಿಡುತ್ತದೆ. ಪಟ್ಟಿಯ ಮೇಲ್ತುದಿಯನ್ನು ರಂಪಿಗೆಯಿಂದ ಇಳಿಜಾರಾಗಿ ಹೆರೆದು, ಹಿಡಿ ಶುರುವಾಗುವಲ್ಲಿ ಮುಗಿಸಿ. ಮೂರೂ ಪದರಗಳನ್ನು ಸಲ್ಯೂಷನ್ ಹಚ್ಚಿ ಅಂಟಿಸಿ, ಅಂಚಿನಿಂದ 4 ಮಿ.ಮೀ. ಒಳಗೆ ಗೆರೆ ಎಳೆದು, 4 ಮಿ.ಮೀ.ಗೊಂದರಂತೆ ಆರಿಯಿಂದ ತೂತು ಚುಚ್ಚಿ. ಆರಿ ನೆಟ್ಟಗೆ ಇಳಿಯದಿದ್ದರೆ ಹಿಂಬದಿಯ ಹೊಲಿಗೆ ಅಂಕುಡೊಂಕಾಗುತ್ತದೆ.

ದಾರ ಹೊಲಿಗೆಯ ಉದ್ದದ ನಾಲ್ಕರಷ್ಟು ಬೇಕು. ಜೇನುಮೇಣದ ಉಂಡೆಯ ಮೇಲೆ ಮೂರು ನಾಲ್ಕು ಸಲ ಎಳೆದು, ಎರಡೂ ತುದಿಗೆ ಒಂದೊಂದು ಸೂಜಿ ಪೋಣಿಸಿ. ಮೊದಲ ತೂತಿನಲ್ಲಿ ದಾರವನ್ನು ಸರಿಯರ್ಧಕ್ಕೆ ನಿಲ್ಲಿಸಿ, ಮುಂದಿನ ಪ್ರತಿ ತೂತಿಗೂ ಎಡಗಡೆಯ ಸೂಜಿ ಬಲಕ್ಕೆ, ಬಲಗಡೆಯ ಸೂಜಿ ಎಡಕ್ಕೆ ಹೋಗುವಂತೆ ಹೊಲಿಯಿರಿ. ಪ್ರತಿ ಸಲವೂ ಯಾವ ಸೂಜಿ ಮೊದಲು ಹೋಗುತ್ತದೆಯೋ ಅದೇ ಕ್ರಮವನ್ನು ಕೊನೆಯವರೆಗೆ ಉಳಿಸಿಕೊಂಡು, ಎರಡೂ ಕೈಯಿಂದ ಸಮನಾಗಿ ಜಗ್ಗಿದರೆ ಹೊಲಿಗೆ ಸಾಲು ಓರೆಯಾಗಿ, ಒಂದೇ ಸಮನೆ ಬೀಳುತ್ತದೆ. ಯಂತ್ರದ ಹೊಲಿಗೆಯಲ್ಲಿ ಒಂದು ಎಳೆ ಹರಿದರೆ ಸಾಲೇ ಬಿಚ್ಚಿಕೊಳ್ಳಬಹುದು. ಜೋಡಿ ಸೂಜಿಯ ಹೊಲಿಗೆಯಲ್ಲಿ ಒಂದು ಹರಿದರೂ ಇನ್ನೊಂದು ಹಿಡಿದಿರುತ್ತದೆ. ಕೊನೆಯಲ್ಲಿ ಮೂರು ತೂತು ಹಿಂದಕ್ಕೆ ಹೊಲಿದು ದಾರ ಕತ್ತರಿಸಿ.

ಇನ್ನು ಆಕಾರ ಕೊಡುವುದು. ಮೊದಲು ಮೇಜಿನ ಮೇಲೆ, ಬೆರಳ ಸಂದಿಯಲ್ಲಿ ಎಲ್ಲಿಯೂ ಕಬ್ಬಿಣದ ಪುಡಿ ಉಳಿಯದಂತೆ ತೊಳೆದುಕೊಳ್ಳಿ. ತೊಗಟೆಯ ಒಗರಿಗೂ ಕಬ್ಬಿಣಕ್ಕೂ ನೀರು ಸೇರಿದರೆ ಶಾಯಿಯಂಥ ಕಪ್ಪು ಕಲೆ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಒರೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ಮುಳುಗಿಸಿ ತೆಗೆಯಿರಿ. ಚಾಕುವಿಗೆ ಎಣ್ಣೆ ಸವರಿ, ತೆಳು ಪ್ಲಾಸ್ಟಿಕ್ ಹಾಳೆಯನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ, ಒರೆಯೊಳಗೆ ಇಳಿಸಿ. ಹೆಬ್ಬೆರಳಿನಿಂದಲೂ ನಯವಾದ ಎಲುಬಿನ ತುಂಡಿನಿಂದಲೂ ಹಿಡಿಯ ಉಬ್ಬಿನ ಹಿಂದೆ, ಬಿಲ್ಲೆಯ ಮುಂದೆ, ಅಲಗಿನ ಬೆನ್ನಿಗೆ ತೊಗಲನ್ನು ಒತ್ತುತ್ತಾ ಹೋದರೆ ಒಳಗಿನ ಚಾಕುವಿನ ರೂಪ ಹೊರಗೆ ಮೂಡುತ್ತದೆ. ಗಂಟೆಗೊಮ್ಮೆ ಮತ್ತೆ ಒತ್ತಿ. ನೆರಳಿನಲ್ಲಿಯೇ ಒಣಗಿಸಬೇಕು, ಏಪ್ರಿಲ್, ಮೇ ತಿಂಗಳ ದಾವಣಗೆರೆಯ ಬಿಸಿಲಿಗಿಟ್ಟರೆ ಮುಟುರಿಕೊಂಡು ಬಿರಿಯುತ್ತದೆ. ಅರ್ಧ ಒಣಗಿ ಆಕಾರ ನಿಂತ ಮೇಲೆ ಚಾಕುವನ್ನು ಹೊರತೆಗೆದು, ಒರೆಯನ್ನು ಒಂದೆರಡು ದಿನ ಹಾಗೆಯೇ ಬಿಡಿ.

ಅಂಚನ್ನು ಉಪ್ಪುಕಾಗದದಿಂದ ಸಮ ಮಾಡಿ, ಸ್ವಲ್ಪ ತೇವ ಮಾಡಿ, ನಯವಾದ ಕಟ್ಟಿಗೆಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಚಳ್ಳಕೆರೆಯ ಕಡೆ ಕಂಬಳಿಗೆ ಹಾಕುವ ಹುಣಸೆ ಬೀಜದ ಸರಿಯನ್ನು ತೆಳ್ಳಗೆ ಸವರಿ ಉಜ್ಜಿದರೆ ಎಳೆಗಳು ಇನ್ನೂ ಚೆನ್ನಾಗಿ ಕೂರುತ್ತವೆ. ಕೊನೆಗೆ ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಹೊರಮೈಯನ್ನು ಒಂದೇ ಒಂದು ಸಲ ಒರೆಸಿ, ಮೇಲೆ ಜೇನುಮೇಣ ತಿಕ್ಕಿ. ಎಣ್ಣೆ ಹೆಚ್ಚಾದರೆ ತೊಗಲು ಮೆದುವಾಗಿ, ಕಚ್ಚಿ ಹಿಡಿಯುವ ಬಿಗಿಯೇ ಹೋಗುತ್ತದೆ.

ಸಾಣೆ ಮತ್ತು ನಿಗಾ

ಚೂಪು ಮಾಡುವುದು ಎಲ್ಲ ಮುಗಿದ ಮೇಲೆ. ಬಾಯಿಯನ್ನು ಮೊದಲು 0.4 ಮಿ.ಮೀ.ವರೆಗೆ ತೆಳುಗೊಳಿಸಿ, ಒರಟು ಸಾಣೆಕಲ್ಲಿನ ಮೇಲೆ ಪ್ರತಿ ಬದಿಗೆ ಸುಮಾರು 20 ಡಿಗ್ರಿ ಕೋನದಲ್ಲಿ ಉಜ್ಜಿ. ಇನ್ನೊಂದು ಬದಿಯಲ್ಲಿ ಬೆರಳಿಗೆ ತಾಗುವಂಥ ಸಣ್ಣ ಸಿವುರು ಉದ್ದಕ್ಕೂ ಎದ್ದಾಗ ಬದಿ ಬದಲಿಸಿ, ನಂತರ ನಯ ಕಲ್ಲಿಗೆ ಹೋಗಿ, ಕೊನೆಗೆ ಒರೆಯಿಂದ ಉಳಿದ ತೊಗಲಿನ ತುಂಡಿನ ಮೇಲೆ ಹಿಮ್ಮುಖವಾಗಿ ಎಳೆಯಿರಿ.

ಬಳಸಿದ ಮೇಲೆ ಅಲಗನ್ನು ಒರೆಸಿ, ಒಂದು ಹನಿ ಎಣ್ಣೆ ಸವರಿಡಿ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಒರೆಯ ಹೊರಗೆ ಇಡಿ, ಏಕೆಂದರೆ ತೊಗಲು ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟು ಉಕ್ಕಿಗೆ ಕಲೆ ಮಾಡುತ್ತದೆ. ಒರೆ ಮಳೆಯಲ್ಲಿ ನೆನೆದರೆ ಚಾಕುವನ್ನು ಕೂಡಲೇ ತೆಗೆದು, ಹಿಡಿಯ ಕಟ್ಟಿಗೆಯಲ್ಲಿ ಉಳಿದ ತುಂಡಿನಿಂದ ಅದೇ ಅಳತೆಗೆ ಕೆತ್ತಿಟ್ಟುಕೊಂಡ ಅಚ್ಚನ್ನು ಒಳಗೆ ಇಳಿಸಿ ನೆರಳಿನಲ್ಲಿ ಒಣಗಿಸಿ. ಒರೆಯ ಬಾಯಿ ಸಡಿಲವಾಗಿದೆ ಎನಿಸಿದಾಗಲೂ ಇದೇ ಅಚ್ಚು ಒದಗುತ್ತದೆ: ಬಾಯಿಯ ಭಾಗವನ್ನಷ್ಟೇ ತೇವ ಮಾಡಿ, ಅಚ್ಚಿನ ಉಬ್ಬಿನ ಹಿಂದೆ ದಾರ ಸುತ್ತಿ ಬಿಗಿದು, ಒಣಗಿದ ಮೇಲೆ ದಾರ ಬಿಚ್ಚಬೇಕು.